ಹಿಡಿಕೆ ತಿರುವಿದಷ್ಟೂ ಬಲಗುಂದುವ ಸ್ಕೂಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನನ್ನ ಬಳಿ 110 ಸಿಸಿಯ, ಗೇರಿಲ್ಲದ, ಕಾರ್ಬೊರೇಟರ್ ಇರುವ ನಾಲ್ಕು ಸ್ಟ್ರೋಕಿನ ಹಳೆಯ ಸ್ಕೂಟರ್ ಇದೆ. ಅದನ್ನು ನಾಲ್ಕು ತಿಂಗಳು ಓಡಿಸದೆ ನಿಲ್ಲಿಸಿದ್ದೆ. ಮತ್ತೆ ಹೊರತೆಗೆದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಐಡ್ಲಿಂಗ್ ಕೂಡ ಸ್ಥಿರವಾಗಿದೆ. ಆದರೆ ಆಕ್ಸಿಲರೇಟರ್ ಹಿಡಿಕೆಯನ್ನು ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಿರುವಿದರೆ ಎಂಜಿನ್ನಿನ ಸದ್ದು ಏರುವ ಬದಲು ಕುಗ್ಗುತ್ತದೆ, ಗಾಡಿ ತಿಣುಕುತ್ತದೆ. ಹಿಡಿಕೆಯನ್ನು ಸ್ವಲ್ಪ ಸಡಿಲಿಸಿದರೆ ಚೇತರಿಸಿಕೊಳ್ಳುತ್ತದೆ. ಹೊಗೆ ಬರುತ್ತಿಲ್ಲ. ಚೋಕನ್ನು ಅರ್ಧ ಎಳೆದುಕೊಂಡು ಓಡಿಸಿದರೆ ಕೊಂಚ ವಾಸಿ. ಸ್ಪಾರ್ಕ್ ಪ್ಲಗ್ ಮತ್ತು ಏರ್ ಫಿಲ್ಟರ್ ಹೊಸದಾಗಿ ಹಾಕಿಸಿದ್ದೇನೆ, ಕಾರ್ಬೊರೇಟರನ್ನು ಎರಡು ಬಾರಿ ಸ್ವಚ್ಛ ಮಾಡಿಸಿದ್ದೇನೆ. ಈಗ ಮೆಕ್ಯಾನಿಕ್ ಸಿಡಿಐ, ಅಂದರೆ ಪ್ಲಗ್ಗಿನ ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ, ಬದಲಾಯಿಸಬೇಕು ಎನ್ನುತ್ತಿದ್ದಾರೆ. ಬದಲಾಯಿಸಲೇ?

ಉತ್ತರ: ಸದ್ಯಕ್ಕೆ ಬೇಡ. ನೀವು ಹಾಕಿಸಿದ ಹೊಸ ಬಿಡಿಭಾಗಗಳ ಪಟ್ಟಿಗಿಂತ ಹೆಚ್ಚು ಉಪಯುಕ್ತವಾದ ಒಂದು ಮಾತು ನಿಮ್ಮ ಪತ್ರದಲ್ಲಿದೆ. ಚೋಕ್ ಎಳೆದರೆ ಕೊಂಚ ವಾಸಿ ಎಂಬುದೇ ಅದು. ಚೋಕ್ ಮಾಡುವ ಕೆಲಸ ಒಂದೇ: ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುವುದು. ಹಾಗೆ ಹೆಚ್ಚಿಸಿದಾಗ ಎಂಜಿನ್ ಸುಧಾರಿಸುತ್ತದೆ ಎಂದಾದರೆ, ಅದುವರೆಗೆ ಅದಕ್ಕೆ ಪೆಟ್ರೋಲ್ ಸಾಲುತ್ತಿರಲಿಲ್ಲ ಎಂದೇ ತಿಳಿಯಬೇಕು. ಸಿಡಿಐ ದುರ್ಬಲವಾಗಿದ್ದರೆ ಚೋಕಿನಿಂದ ಇಂಥ ಉಪಕಾರ ಆಗುವುದು ಅಪರೂಪ. ದುರ್ಬಲ ಕಿಡಿಗೆ ಇನ್ನಷ್ಟು ಪೆಟ್ರೋಲ್ ಉಣಿಸಿದರೆ ಪ್ಲಗ್ ಒದ್ದೆಯಾಗಿ ತೊಂದರೆ ಹೆಚ್ಚಾಗುವುದೇ ಸಾಮಾನ್ಯ.

ಹಿಡಿಕೆ ತಿರುವಿದಾಗ ನಾವು ಪೆಟ್ರೋಲನ್ನು ಹೆಚ್ಚಿಸುತ್ತೇವೆ ಎಂದು ಬಹಳ ಮಂದಿ ತಿಳಿದಿದ್ದಾರೆ. ವಾಸ್ತವವಾಗಿ ನಾವು ತೆರೆಯುವುದು ಗಾಳಿಯ ದಾರಿಯನ್ನು ಮಾತ್ರ. ಪೆಟ್ರೋಲ್ ಆ ಗಾಳಿಯ ಸೆಳೆತವನ್ನು ಹಿಂಬಾಲಿಸಿಕೊಂಡು ಬರಬೇಕು. ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು; ಗರಿಷ್ಠ ಬಲ ಬೇಕಾದಾಗ ಮಿಶ್ರಣ ಇನ್ನೂ ಸ್ವಲ್ಪ ದಟ್ಟವಾಗಿ, ಅಂದರೆ ಒಂದು ಪಾಲು ಪೆಟ್ರೋಲಿಗೆ 12.5ರಿಂದ 13 ಪಾಲು ಗಾಳಿಯಷ್ಟು ಇರಬೇಕಾಗುತ್ತದೆ. ನಿಮ್ಮ ಗಾತ್ರದ ಎಂಜಿನ್ ಪೂರ್ತಿ ಬಲದಲ್ಲಿ ದುಡಿಯುವಾಗ ನಿಮಿಷಕ್ಕೆ ಸುಮಾರು 40 ಮಿಲಿಲೀಟರ್ ಪೆಟ್ರೋಲ್ ಕುಡಿಯುತ್ತದೆ, ಐಡ್ಲಿಂಗ್‌ನಲ್ಲಿ ಅದರ ಹತ್ತನೇ ಒಂದು ಭಾಗವೂ ಬೇಕಾಗುವುದಿಲ್ಲ. ಹೀಗಾಗಿ ಅರ್ಧ ಮುಚ್ಚಿಹೋದ ಕೊಳವೆಯಾಗಲಿ ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಬಿಡಿಭಾಗ) ಆಗಲಿ ಐಡ್ಲಿಂಗ್‌ನಲ್ಲಿ ಏನೂ ಆಗಿಲ್ಲವೆಂಬಂತೆ ನಡೆದುಕೊಂಡು, ಬೇಡಿಕೆ ಏರಿದ ಕ್ಷಣದಲ್ಲಿ ಕೈಕೊಡುತ್ತದೆ. ಐಡ್ಲಿಂಗ್‌ಗೆ ಪೈಲಟ್ ಜೆಟ್ ಎಂಬ ಪ್ರತ್ಯೇಕ ಸಣ್ಣ ರಂಧ್ರವೇ ಇರುವುದರಿಂದ, ಐಡ್ಲಿಂಗ್ ಸರಿಯಿದೆ ಎಂಬ ಮಾತ್ರಕ್ಕೆ, ಹಿಡಿಕೆ ಹೆಚ್ಚು ತಿರುವಿದಾಗ ಪೆಟ್ರೋಲ್ ಕೊಡುವ ಮೇನ್ ಜೆಟ್ ಸರಿಯಿದೆ ಎಂದು ಹೇಳಲು ಬರುವುದಿಲ್ಲ.

ಪೆಟ್ರೋಲ್ ಎಲ್ಲಿ ತಡೆದುಕೊಂಡಿದೆ ಎಂಬುದನ್ನು ಹುಡುಕಲು ಮೊದಲು ಏನನ್ನೂ ಬಿಚ್ಚಬೇಡಿ. ವಾಹನಗಳಿಲ್ಲದ ನೇರ ರಸ್ತೆಯಲ್ಲಿ ಓಡಿಸಿ, ಬಲ ಕುಗ್ಗುವುದು ಹಿಡಿಕೆ ತಿರುವಿದ ತಕ್ಷಣವೋ ಅಥವಾ ಅರ್ಧ ನಿಮಿಷ ಚೆನ್ನಾಗಿ ಎಳೆದ ಬಳಿಕವೋ ಎಂಬುದನ್ನು ಗಮನಿಸಿ. ಕಾರ್ಬೊರೇಟರಿನ ತಳದ ಬಟ್ಟಲಿನಲ್ಲಿ ಸದಾ ಒಂದಿಷ್ಟು ಪೆಟ್ರೋಲ್ ಸಂಗ್ರಹವಾಗಿರುತ್ತದೆ. ಟ್ಯಾಂಕಿನಿಂದ ಬಟ್ಟಲಿನವರೆಗಿನ ದಾರಿಯಲ್ಲಿ ತಡೆ ಇದ್ದರೆ ಆ ಸಂಗ್ರಹ ಮುಗಿಯುವವರೆಗೆ ಗಾಡಿ ಚೆನ್ನಾಗಿ ಓಡಿ, ಆಮೇಲೆ ಸೊರಗಿ, ನಿಧಾನಿಸಿದಾಗ ಬಟ್ಟಲು ಮತ್ತೆ ತುಂಬಿ ಮೊದಲಿನಂತಾಗುತ್ತದೆ. ತಡೆ ಬಟ್ಟಲಿನಿಂದ ಮುಂದಕ್ಕೆ, ಅಂದರೆ ಜೆಟ್ಟಿನಲ್ಲಿ ಅಥವಾ ಸ್ಲೈಡಿನಲ್ಲಿ (ಗಾಳಿಯ ದಾರಿಯಲ್ಲಿ ಮೇಲೆ ಕೆಳಗೆ ಜಾರುವ ಭಾಗ) ಇದ್ದರೆ, ಪ್ರತಿ ಸಲವೂ ಹಿಡಿಕೆಯ ಅದೇ ಸ್ಥಾನದಲ್ಲಿ, ತಡಮಾಡದೆ, ತಕ್ಷಣ ಬಲ ಕುಗ್ಗುತ್ತದೆ. ನಿಮ್ಮ ವಿವರಣೆ ಎರಡನೆಯದನ್ನು ಹೋಲುತ್ತದೆ. ಆದರೂ ಈ ಪರೀಕ್ಷೆಯನ್ನು ಮಾಡಿಯೇ ಮುಂದುವರಿಯಿರಿ.

ತಕ್ಷಣ ಕುಗ್ಗುವುದು ನಿಜವಾದರೆ ಅನುಮಾನಿಸಬೇಕಾದ ಜಾಗಗಳು ಎರಡೇ. ಮೊದಲನೆಯದು ಮೇನ್ ಜೆಟ್ ಮತ್ತು ಅದರ ಮೇಲೆ ಕೂರುವ, ಅಡ್ಡಡ್ಡ ಸಣ್ಣ ರಂಧ್ರಗಳಿರುವ ಕೊಳವೆ. ನಾಲ್ಕು ತಿಂಗಳು ನಿಂತ ಗಾಡಿಯಲ್ಲಿ ಪೆಟ್ರೋಲಿನ ಹಗುರ ಅಂಶಗಳು ಆವಿಯಾಗಿ ಹೋಗಿ, ಉಳಿದದ್ದು ಅಂಟಾಗಿ ಈ ರಂಧ್ರಗಳ ಒಳಗೋಡೆಗೆ ಕಟ್ಟಿಕೊಳ್ಳುತ್ತದೆ. ರಂಧ್ರ ಪೂರ್ತಿ ಮುಚ್ಚಿರುವುದಿಲ್ಲವಾದ್ದರಿಂದ ಕಣ್ಣಿಗೆ ತೆರೆದಂತೆಯೇ ಕಾಣುತ್ತದೆ, ಆದರೆ ಅದರ ಅಳತೆ ಕಿರಿದಾಗಿರುತ್ತದೆ. ಎರಡು ಬಾರಿ ಸ್ವಚ್ಛ ಮಾಡಿಸಿದ್ದೇನೆ ಎಂದಿದ್ದೀರಿ. ಹಾಗೆಂದರೆ ಏನು ಮಾಡಿದರು ಎಂದು ಕೇಳಿ ತಿಳಿಯಿರಿ. ಬಟ್ಟಲನ್ನು ಬಿಚ್ಚಿ, ಕ್ಲೀನರ್ ಸಿಂಪಡಿಸಿ, ಒರೆಸಿ ಮತ್ತೆ ಜೋಡಿಸುವುದನ್ನೂ ಸ್ವಚ್ಛ ಮಾಡುವುದು ಎಂದೇ ಕರೆಯುತ್ತಾರೆ. ಬೇಕಾಗಿರುವುದು ಅದಲ್ಲ. ಜೆಟ್ಟುಗಳನ್ನು ಸರಿಯಾದ ಅಗಲದ ಸ್ಕ್ರೂಡ್ರೈವರಿನಿಂದ ಕಳಚಿ, ಕ್ಲೀನರಿನಲ್ಲಿ ನೆನೆಸಿ, ಒತ್ತಡದ ಗಾಳಿ ಹಾಯಿಸಿ, ಬೆಳಕಿಗೆ ಹಿಡಿದಾಗ ರಂಧ್ರ ದುಂಡಗೆ, ಅಂಚು ಹೊಳೆಯುವಂತೆ ಕಾಣಬೇಕು. ಸೂಜಿ ಅಥವಾ ಉಕ್ಕಿನ ತಂತಿ ತೂರಿಸುವುದನ್ನು ಎಷ್ಟೇ ಅನುಭವಿ ಮಾಡಿದರೂ ತಡೆಯಿರಿ. ಜೆಟ್ ಹಿತ್ತಾಳೆಯದು, ಉಕ್ಕು ಅದನ್ನು ಗೀರುತ್ತದೆ. ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು ವ್ಯತ್ಯಾಸವಾದರೂ ಜೆಟ್ಟಿನ ಅಳತೆಯ ಸಂಖ್ಯೆಯೇ ಬದಲಾದಂತೆ.

ಎರಡನೆಯ ಜಾಗ ಸ್ಲೈಡ್ ಮತ್ತು ಅದರ ಡಯಾಫ್ರಮ್ ಎಂಬ ತೆಳು ರಬ್ಬರ್ ಪೊರೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಗಾಡಿಯಲ್ಲಿ ಇದನ್ನೇ ಮೊದಲು ನೋಡಬೇಕು. ಕಾರ್ಬೊರೇಟರ್ ಇರುವ ಹೆಚ್ಚಿನ ನಾಲ್ಕು ಸ್ಟ್ರೋಕ್ ಸ್ಕೂಟರುಗಳಲ್ಲಿ ಹಿಡಿಕೆಯ ಕೇಬಲ್ ಸ್ಲೈಡನ್ನು ನೇರವಾಗಿ ಎತ್ತುವುದಿಲ್ಲ. ಕೇಬಲ್ ಒಂದು ಚಿಟ್ಟೆಯಾಕಾರದ ತಗಡನ್ನು ತಿರುಗಿಸುತ್ತದೆ, ಅದರಿಂದ ಉಂಟಾಗುವ ನಿರ್ವಾತ ಡಯಾಫ್ರಮಿನ ಮೇಲಿನ ಕೋಣೆಯನ್ನು ಸೆಳೆದು ಸ್ಲೈಡನ್ನು ಮೇಲಕ್ಕೆತ್ತುತ್ತದೆ, ಸ್ಲೈಡಿನ ಜೊತೆಗೆ ಏಳುವ ಮೊನಚಾದ ನೀಡಲ್ ಪೆಟ್ರೋಲಿನ ದಾರಿಯನ್ನು ಅಗಲಿಸುತ್ತದೆ. ಡಯಾಫ್ರಮಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ನಿರ್ವಾತ ಸೋರಿ ಸ್ಲೈಡ್ ಅರ್ಧದಲ್ಲೇ ನಿಲ್ಲುತ್ತದೆ. ಆಗ ಕಾಣುವ ಲಕ್ಷಣಗಳನ್ನು ನಿಮ್ಮ ಪತ್ರದಿಂದಲೇ ನಕಲು ಮಾಡಬಹುದು: ಸ್ಟಾರ್ಟ್ ಆಗುತ್ತದೆ, ಐಡ್ಲಿಂಗ್ ಚೆನ್ನಾಗಿದೆ, ಸ್ವಲ್ಪ ತಿರುವುವವರೆಗೆ ಚೆನ್ನಾಗಿದೆ, ಆಮೇಲೆ ಉಸಿರುಕಟ್ಟುತ್ತದೆ.

ಕಾರ್ಬೊರೇಟರಿನ ಮೇಲ್ಮುಚ್ಚಳದ ಸ್ಕ್ರೂಗಳನ್ನು ತೆಗೆದು, ಸ್ಪ್ರಿಂಗ್ ಹಾರಿಹೋಗದಂತೆ ಹಿಡಿದು, ಡಯಾಫ್ರಮನ್ನು ಹೊರತೆಗೆದು ದೀಪಕ್ಕೆ ಅಡ್ಡ ಹಿಡಿಯಿರಿ. ಮಡಿಕೆಗಳನ್ನು ಬೆರಳಿನಿಂದ ಮೆಲ್ಲಗೆ ಬಿಡಿಸುತ್ತಾ ಸುತ್ತಲೂ ನೋಡಿ, ಏಕೆಂದರೆ ಬಿರುಕು ಮಡಿಕೆಯ ತಳದಲ್ಲಿಯೇ ಅಡಗಿರುತ್ತದೆ. ರಬ್ಬರಿಗೆ ಕಾರ್ಬೊರೇಟರ್ ಕ್ಲೀನರ್ ತಾಗಿಸಬೇಡಿ; ಅದು ಊದಿಕೊಂಡು ಆಕಾರ ಕೆಡುತ್ತದೆ. ಮತ್ತೆ ಕೂರಿಸುವಾಗ ಅಂಚಿನ ದಾರದಂಥ ಉಬ್ಬು ಅದರ ತೋಡಿನಲ್ಲಿ ಪೂರ್ತಿ ಕುಳಿತಿದೆಯೇ, ಅಂಚಿನಲ್ಲಿರುವ ಸಣ್ಣ ಕಿವಿಯಂಥ ಗುರುತು ಅದರ ಜಾಗಕ್ಕೆ ಹೊಂದಿದೆಯೇ ಎಂದು ಎರಡು ಸಲ ನೋಡಿ. ಒಮ್ಮೆ ನನ್ನದೇ ಗಾಡಿಯಲ್ಲಿ ಇಂಥದೇ ದೋಷಕ್ಕಾಗಿ ಜೆಟ್ ತೊಳೆದು, ಸಂಭ್ರಮದಿಂದ ಜೋಡಿಸಿ, ಓಡಿಸಿ ನೋಡಿದರೆ ಮೊದಲಿಗಿಂತಲೂ ಕೆಟ್ಟು ಹೋಗಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಡಯಾಫ್ರಮಿನ ಅಂಚು ಮುಚ್ಚಳದ ಕೆಳಗೆ ಮಡಚಿಕೊಂಡಿರುವುದು ಕಂಡಿತು. ಮೊದಲ ದೋಷ ಪೆಟ್ರೋಲಿನದು, ಎರಡನೆಯದು ನನ್ನ ಕೈಯದು. ನಿಮ್ಮ ಕಾರ್ಬೊರೇಟರನ್ನು ಎರಡು ಬಾರಿ ಬಿಚ್ಚಿ ಜೋಡಿಸಿದ್ದಾರೆ ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ. ಮೊದಲ ಬಾರಿ ಬಿಚ್ಚುವ ಮುನ್ನ ತೊಂದರೆ ಇಷ್ಟೇ ಇತ್ತೇ, ಆಮೇಲೆ ಹೆಚ್ಚಾಯಿತೇ ಎಂದು ಜ್ಞಾಪಿಸಿಕೊಳ್ಳಿ.

ಪರೀಕ್ಷೆಯಲ್ಲಿ ಬಲ ತಡವಾಗಿ ಕುಗ್ಗುವುದು ಕಂಡರೆ ಕಾರ್ಬೊರೇಟರನ್ನು ಬಿಟ್ಟು ಅದರ ಹಿಂದಿನ ದಾರಿಯನ್ನು ನೋಡಿ. ಎಂಜಿನ್ನಿನ ನಿರ್ವಾತದಿಂದ ತೆರೆದುಕೊಳ್ಳುವ ಪೆಟ್ರೋಲ್ ಕಾಕ್ ಇದ್ದರೆ, ಕಾರ್ಬೊರೇಟರಿಗೆ ಹೋಗುವ ಪೆಟ್ರೋಲ್ ಪೈಪನ್ನು ಕಳಚಿ ಅಳತೆಯ ಬಾಟಲಿಗೆ ಇಳಿಬಿಟ್ಟು, ನಿರ್ವಾತದ ಸಣ್ಣ ಪೈಪಿಗೆ ಸಿರಿಂಜ್ ಜೋಡಿಸಿ ಎಳೆದು ಹಿಡಿಯಿರಿ. ಪೆಟ್ರೋಲ್ ತೊಟ್ಟಿಕ್ಕದೆ ಧಾರೆಯಾಗಿ ಬರಬೇಕು. ನಿಮಿಷಕ್ಕೆ 40 ಮಿಲಿಲೀಟರ್ ಬೇಕೆಂದು ಮೇಲೆ ಹೇಳಿದ್ದೇನಷ್ಟೆ. ಅದರ ಎರಡು ಮೂರು ಪಟ್ಟು ಹರಿಯದಿದ್ದರೆ ಕಾಕ್, ಫಿಲ್ಟರ್ ಅಥವಾ ಮಡಚಿಕೊಂಡ ಪೈಪನ್ನು ನಾನು ಅನುಮಾನಿಸುತ್ತೇನೆ. ಈ ಕೆಲಸವನ್ನು ಬಯಲಿನಲ್ಲಿ, ಎಂಜಿನ್ ತಣ್ಣಗಿರುವಾಗ, ಹತ್ತಿರದಲ್ಲಿ ಬೆಂಕಿ ಅಥವಾ ಕಿಡಿ ಇಲ್ಲವೆಂದು ಖಚಿತಪಡಿಸಿಕೊಂಡು ಮಾತ್ರ ಮಾಡಿ.

ಕಾರ್ಬೊರೇಟರ್ ಮತ್ತು ಎಂಜಿನ್ನಿನ ನಡುವಿನ ರಬ್ಬರ್ ಜೋಡಣೆ ಬಿರುಕು ಬಿಟ್ಟು ಹೊರಗಿನ ಗಾಳಿ ಒಳಸೇರಿದರೂ ಮಿಶ್ರಣ ತೆಳುವಾಗುತ್ತದೆ. ಆದರೆ ಅದು ಎಲ್ಲಕ್ಕಿಂತ ಮೊದಲು ಐಡ್ಲಿಂಗನ್ನು ಕೆಡಿಸುತ್ತದೆ. ನಿಮ್ಮ ಐಡ್ಲಿಂಗ್ ಸ್ಥಿರವಾಗಿರುವುದರಿಂದ ಅದನ್ನು ಕೊನೆಗೆ ಇಡಬಹುದು. ಟ್ಯಾಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗದ ಅಂತರ) ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ಚದಿದ್ದರೂ ಬಲ ಕುಗ್ಗುತ್ತದೆ, ಆದರೆ ಆಗ ಸ್ಟಾರ್ಟ್ ಆಗುವುದೂ ಕಷ್ಟವಾಗುತ್ತದೆ.

ಇನ್ನು ನಿಮ್ಮ ಮೆಕ್ಯಾನಿಕ್ ಹೇಳಿದ ಸಿಡಿಐ ವಿಚಾರ. ಅವರ ಅನುಮಾನ ಆಧಾರವಿಲ್ಲದ್ದೇನಲ್ಲ. ಹೊರಗೆ ತೆಗೆದ ಪ್ಲಗ್ಗಿನ 0.7 ಮಿಲಿಮೀಟರ್ ಅಂತರವನ್ನು ದಾಟಲು ಕಿಡಿಗೆ ಸುಮಾರು 3,000 ವೋಲ್ಟ್ ಸಾಕು, ಆದರೆ ಸಿಲಿಂಡರಿನೊಳಗೆ ಒತ್ತಿ ಹಿಡಿದ ಗಾಳಿಯಲ್ಲಿ ಅದೇ ಅಂತರಕ್ಕೆ 10,000 ವೋಲ್ಟಿಗೂ ಮೀರಿ ಬೇಕಾಗಬಹುದು. ಹಿಡಿಕೆ ತಿರುವಿದಷ್ಟೂ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಿ ಒತ್ತಡ ಏರುವುದರಿಂದ, ದುರ್ಬಲ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಉಂಟುಮಾಡುವ ಸುರುಳಿ) ಅಥವಾ ವಿದ್ಯುತ್ ಸೋರುವ ಪ್ಲಗ್ ಕ್ಯಾಪ್ ನಿಖರವಾಗಿ ಆ ಹೊತ್ತಿನಲ್ಲಿಯೇ ಸೋಲುತ್ತದೆ. ಪ್ಲಗ್ ಹೊರಗೆ ತೆಗೆದು ಕಿಡಿ ನೋಡಿ ಎಲ್ಲ ಸರಿಯಿದೆ ಎನ್ನುವುದರಲ್ಲಿ ಅರ್ಥವಿಲ್ಲದಿರುವುದು ಇದೇ ಕಾರಣಕ್ಕೆ; 5ರಿಂದ 6 ಮಿಲಿಮೀಟರ್ ಅಂತರವಿರುವ ಕಿಡಿ ಪರೀಕ್ಷಕವನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ನೋಡಬೇಕು. ಆದರೆ ಕಿಡಿ ಸೋತಾಗ ಗಾಡಿ ಒದ್ದಾಡುವ ರೀತಿಯೇ ಬೇರೆ. ಅದು ತುಂಡು ತುಂಡಾಗಿ ಮಿಸ್ ಹೊಡೆಯುತ್ತದೆ, ಕೆಲವೊಮ್ಮೆ ಸೈಲೆನ್ಸರಿನಲ್ಲಿ ಢಬ್ ಎನ್ನುತ್ತದೆ. ಪೆಟ್ರೋಲ್ ಸಾಲದಾದಾಗ ಬಲ ನಯವಾಗಿ, ಯಾರೋ ಹಿಂದಿನಿಂದ ಹಿಡಿದೆಳೆದಂತೆ ಇಳಿಯುತ್ತದೆ. ನೀವು ಬರೆದಿರುವುದು ಈ ಎರಡನೆಯದನ್ನು.

ಚೋಕ್ ಎಳೆದುಕೊಂಡೇ ಓಡಿಸುವುದಾಗಲಿ, ದೊಡ್ಡ ಅಳತೆಯ ಜೆಟ್ ಹಾಕಿಸುವುದಾಗಲಿ ಪರಿಹಾರವಲ್ಲ. ಮೊದಲು ಸರಿಯಾಗಿ ಓಡುತ್ತಿದ್ದ ಗಾಡಿಗೆ ಅದರ ಜೆಟ್ ಸಾಕಾಗಿತ್ತು, ಈಗಲೂ ಸಾಕಾಗಬೇಕು. ದೋಷ ಸಿಗುವವರೆಗೆ ದೂರದ ಪ್ರಯಾಣ ಬೇಡ. ತೆಳು ಮಿಶ್ರಣದಲ್ಲಿ ಪೂರ್ತಿ ತಿರುವಿ ಬಹಳ ಹೊತ್ತು ಓಡಿಸಿದರೆ ಪಿಸ್ಟನ್ ಮತ್ತು ಎಕ್ಸಾಸ್ಟ್ ವಾಲ್ವ್ ಅತಿಯಾಗಿ ಕಾಯುತ್ತವೆ.

ಪ್ರಶ್ನೆ: ನನ್ನ ಗೇರಿಲ್ಲದ ಸ್ಕೂಟರಿನಲ್ಲಿ ಹಿಡಿಕೆ ತಿರುವಿದರೆ ಎಂಜಿನ್ ಜೋರಾಗಿ ಮೊರೆಯುತ್ತದೆ, ಆದರೆ ಗಾಡಿ ಓಡುವುದಿಲ್ಲ. ಏರಿನಲ್ಲಂತೂ ಬಲವೇ ಇಲ್ಲ. ಕಾರ್ಬೊರೇಟರ್ ಬದಲಾಯಿಸಬೇಕೇ?

ಉತ್ತರ: ನಿಮ್ಮ ಎಂಜಿನ್ ಬಲಗುಂದಿಲ್ಲ, ಅದರ ಬಲ ಚಕ್ರಕ್ಕೆ ತಲುಪುತ್ತಿಲ್ಲ. ಸದ್ದು ಏರಿದರೂ ವೇಗ ಏರದಿದ್ದರೆ ಕಾರ್ಬೊರೇಟರನ್ನು ಮುಟ್ಟುವ ಅಗತ್ಯವೇ ಇಲ್ಲ. ಎಡಬದಿಯ ಉದ್ದನೆಯ ಮುಚ್ಚಳದೊಳಗಿನ ಬೆಲ್ಟ್, ರೋಲರುಗಳು ಮತ್ತು ಕ್ಲಚ್ಚನ್ನು ನೋಡಬೇಕು. ನಿಂತಲ್ಲಿಂದ ಹೊರಡುವಾಗ ಮತ್ತು ಏರಿನಲ್ಲಿ ಜಾರಿ, ಸುಟ್ಟ ವಾಸನೆ ಬಂದರೆ ಕ್ಲಚ್ಚಿನ ಹಲಗೆಗಳು ಸವೆದಿವೆ ಅಥವಾ ಹೊಳಪು ಹಿಡಿದಿವೆ. ಹೊರಡುವುದು ಸರಿಯಿದ್ದು ಗರಿಷ್ಠ ವೇಗ ಮಾತ್ರ ತಗ್ಗಿದ್ದರೆ ಬೆಲ್ಟಿನ ಅಗಲ ಅಳೆಯಿರಿ. ಸವೆದು ಕಿರಿದಾದ ಬೆಲ್ಟ್ ಮುಂದಿನ ಪುಲ್ಲಿಯ ಅಂಚಿನವರೆಗೆ ಏರಲಾರದು, ಹಾಗಾಗಿ ಎಂಜಿನ್ ಹೆಚ್ಚು ತಿರುಗಿದರೂ ಗಾಡಿ ಅಷ್ಟಕ್ಕಷ್ಟೇ. ಎಷ್ಟು ಅಗಲಕ್ಕಿಂತ ಕಡಿಮೆಯಾದರೆ ಬದಲಾಯಿಸಬೇಕೆಂಬುದು ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿರುತ್ತದೆ. ರೋಲರುಗಳು ದುಂಡಗಿರದೆ ಒಂದು ಮಗ್ಗುಲಲ್ಲಿ ಚಪ್ಪಟೆಯಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಒಳಗೆ ಎಣ್ಣೆಯ ಪಸೆ ಕಂಡರೆ, ಹೊಸ ಬೆಲ್ಟ್ ಹಾಕುವ ಮುನ್ನ ಸೋರುವ ಸೀಲನ್ನು ಸರಿಪಡಿಸಿ. ಮುಚ್ಚಳದೊಳಗಿನ ಕಪ್ಪು ಧೂಳನ್ನು ಗಾಳಿ ಊದಿ ಹಾರಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಬಿಚ್ಚುವ ಮೊದಲು ಇನ್ನೊಂದು ಕೆಲಸ ಮಾಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ನಿಲ್ಲಿಸಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಬ್ರೇಕ್ ಹಿಡಿದುಕೊಂಡಿದ್ದರೆ ಎಂಥ ಎಂಜಿನ್ನೂ ಸೋತಂತೆಯೇ ಕಾಣುತ್ತದೆ.

ಪ್ರಶ್ನೆ: ಹತ್ತು ನಿಮಿಷ ಚೆನ್ನಾಗಿ ಓಡಿದ ಮೇಲೆ ನನ್ನ ಸ್ಕೂಟರ್ ಬಲಗುಂದಿ ನಿಂತೇಬಿಡುತ್ತದೆ. ಕಾಲು ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗದವರಂತೆ ಓಡುತ್ತದೆ. ಪರೀಕ್ಷಿಸಲು ಕೊಟ್ಟಾಗಲೆಲ್ಲ ಸರಿಯಾಗಿಯೇ ಇರುತ್ತದೆ.

ಉತ್ತರ: ನಿಂತ ಆ ಕ್ಷಣದಲ್ಲಿಯೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. ಉಸ್ಸೆಂದು ಗಾಳಿ ಒಳನುಗ್ಗಿ, ಸ್ವಲ್ಪ ಹೊತ್ತಿನಲ್ಲೇ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದಲ್ಲಿರುವ ಗಾಳಿಕಿಂಡಿ ಕಟ್ಟಿಕೊಂಡಿದೆ. ಪೆಟ್ರೋಲ್ ಖಾಲಿಯಾದಷ್ಟು ಜಾಗಕ್ಕೆ ಗಾಳಿ ಬಾರದೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ, ಪೆಟ್ರೋಲ್ ಕೆಳಗಿಳಿಯುವುದೇ ನಿಂತುಹೋಗಿರುತ್ತದೆ. ಮುಚ್ಚಳ ತೆರೆದರೂ ಫಲವಿಲ್ಲದಿದ್ದರೆ ತಡಮಾಡದೆ ಕಿಡಿ ಪರೀಕ್ಷಿಸಿ. ಕಾಯಿಲ್ ಅಥವಾ ಕಿಡಿಯ ಸಮಯ ತಿಳಿಸುವ ಪಿಕಪ್ ಕಾಯಿಲ್‌ನ ಒಳಗಿನ ಸುತ್ತು ಬಿಸಿಯಾದಾಗ ಹಿಗ್ಗಿ ಸಂಪರ್ಕ ಕಳೆದುಕೊಂಡು, ತಣ್ಣಗಾದಾಗ ಮತ್ತೆ ಕೂಡುವುದುಂಟು. ಇಂಥ ದೋಷವನ್ನು ತಣ್ಣಗಿನ ಗಾಡಿಯಲ್ಲಿ ಹುಡುಕುವುದು ವ್ಯರ್ಥ. ಆದ್ದರಿಂದ ಪರೀಕ್ಷೆಗೆ ಕೊಡುವಾಗ ಬಿಸಿಯಾಗಿರುವಂತೆಯೇ ಓಡಿಸಿಕೊಂಡು ಹೋಗಿ. ಹಾಗೆಂದು ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿ ಬಿಸಿ ಮಾಡುವ ಪ್ರಯೋಗ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಪ್ರಶ್ನೆ: ಎರಡು ಸ್ಟ್ರೋಕಿನ ಹಳೆಯ ಸ್ಕೂಟರಿಗೂ ಇದೇ ಪರೀಕ್ಷೆಗಳು ಸಾಕೇ? ನನ್ನದು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಸೊರಗುತ್ತಾ ಬಂದಿದೆ.

ಉತ್ತರ: ನಿಧಾನವಾಗಿ ಸೊರಗಿದೆ ಎಂದಿರುವುದರಿಂದ ಮೊದಲು ಸೈಲೆನ್ಸರ್ ಬಿಚ್ಚಿ. ಪೆಟ್ರೋಲಿನ ಜೊತೆ ಎಣ್ಣೆಯೂ ಉರಿಯುವ ಈ ಎಂಜಿನ್ನುಗಳಲ್ಲಿ ಎಕ್ಸಾಸ್ಟ್ ಕಿಂಡಿಯಲ್ಲಿಯೂ ಸೈಲೆನ್ಸರಿನ ಕೊರಳಿನಲ್ಲಿಯೂ ಕಾರ್ಬನ್ ಪದರ ಪದರವಾಗಿ ಕಟ್ಟಿ ದಾರಿ ಕಿರಿದಾಗುತ್ತದೆ. ಹೊಗೆ ಹೊರಹೋಗದಿದ್ದರೆ ಹೊಸ ಮಿಶ್ರಣ ಒಳಬರುವುದಿಲ್ಲ. ಪಿಸ್ಟನ್ ಕಿಂಡಿಯನ್ನು ಮುಚ್ಚಿರುವ ಸ್ಥಿತಿಯಲ್ಲಿಟ್ಟು, ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ತುಂಡಿನಿಂದ ಕೆರೆದು ತೆಗೆಯಿರಿ. ಉಳಿಯಿಂದ ಕೆರೆದರೆ ಪಿಸ್ಟನ್ನಿಗೆ ಗೀರು ಬೀಳುತ್ತದೆ. ಅದಾದ ಮೇಲೂ ಬಲ ಬಾರದೆ, ಹಿಡಿಕೆ ಬಿಟ್ಟ ಬಳಿಕ ಎಂಜಿನ್ನಿನ ವೇಗ ಇಳಿಯಲು ತಡವಾಗುತ್ತಿದ್ದರೆ, ಕ್ರ್ಯಾಂಕಿನ ಸೀಲಿನ ಮೂಲಕ ಹೊರಗಾಳಿ ಒಳಸೇರುತ್ತಿದೆ. ಆ ಕೆಲಸವನ್ನು ಒತ್ತಡ ಹಾಕಿ ಸೋರಿಕೆ ಪರೀಕ್ಷಿಸುವ ಸಲಕರಣೆ ಇರುವವರಿಗೆ ಒಪ್ಪಿಸಿ.